ಸಾವಿರ ಹರ್ಟ್ಜ್‌ನ ಸ್ಪಾಟ್ ವೆಲ್ಡಿಂಗ್: ಪೀಣ್ಯದಲ್ಲಿ ಮಾತಾಡಿದ್ದು

ಹೋದ ಶನಿವಾರ ಸಂಜೆ ಪೀಣ್ಯ ಎರಡನೇ ಹಂತದ ಒಂದು ಸಣ್ಣ ಹಾಲ್‌ನಲ್ಲಿ ಮಾತಾಡಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಬಂದವರಲ್ಲಿ ಜಾಸ್ತಿ ಜನ ಶೀಟ್ ಮೆಟಲ್ ಶಾಪ್ ನಡೆಸುವವರು, ಒಂದಿಬ್ಬರು ಮೇಂಟೆನೆನ್ಸ್‌ನವರು, ಹಿಂದಿನ ಸಾಲಲ್ಲಿ ಡಿಪ್ಲೊಮಾ ಓದುವ ಹುಡುಗರು. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡು ಮಾತಾಡಬೇಕಾದ ನಾನೇ ಇಪ್ಪತ್ತು ನಿಮಿಷ ತಡ. ಅದಕ್ಕೆ ಪೀಠಿಕೆ ಬಿಟ್ಟು ನೇರ ವಿಷಯಕ್ಕೆ ಬಂದೆ. ಇಲ್ಲೂ ಹಾಗೇ ಮಾಡುತ್ತೇನೆ.

ಮೊದಲು ಒಂದು ಪ್ರಶ್ನೆ ಕೇಳಿದೆ. ಎಂಎಫ್‌ಡಿಸಿ ಮೆಷಿನ್ ಮಾರಲು ಬಂದವರು ನಿಮ್ಮಲ್ಲಿ ಎಷ್ಟು ಜನಕ್ಕೆ 'ಕರೆಂಟ್ ಬಿಲ್ ಅರ್ಧಕ್ಕೆ ಇಳಿಯುತ್ತೆ ಸರ್' ಅಂದಿದ್ದಾರೆ? ಮುಕ್ಕಾಲು ಪಾಲು ಕೈ ಮೇಲೆದ್ದವು. ಎಂಎಫ್‌ಡಿಸಿ ಅಂದರೆ ಮೀಡಿಯಂ ಫ್ರೀಕ್ವೆನ್ಸಿ ಡಿಸಿ. ತಗಡುಗಳನ್ನು ಚುಕ್ಕೆ ಚುಕ್ಕೆಯಾಗಿ ಬೆಸೆಯುವ ಸ್ಪಾಟ್ ವೆಲ್ಡಿಂಗ್‌ಗೆ ಇನ್ವರ್ಟರ್ ಹಾಕಿ ಸಾವಿರ ಹರ್ಟ್ಜ್‌ನಲ್ಲಿ ಓಡಿಸುವ ಸಪ್ಲೈ. ಮೆಷಿನ್ ಒಳ್ಳೆಯದೇ, ನಾನೇ ಎಷ್ಟೋ ಕಡೆ ಹಾಕಿಸಿದ್ದೇನೆ. ಆದರೆ ಆ ಬಿಲ್ಲಿನ ಮಾತು ಮಾತ್ರ ನನಗೆ ಯಾವಾಗಲೂ ಗಂಟಲಲ್ಲಿ ಇಳಿದಿಲ್ಲ. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ ಅಂದೆ.

ಲೆಕ್ಕಕ್ಕೆ ಮುಂಚೆ ಒಂದು ಸ್ಪಾಟ್‌ನಲ್ಲಿ ಏನಾಗುತ್ತದೆ ನೋಡೋಣ. ಎರಡು ತಗಡು, ಮೇಲೊಂದು ಕೆಳಗೊಂದು ತಾಮ್ರದ ಟಿಪ್, ಗಾಳಿ ಸಿಲಿಂಡರ್‌ನ ಒತ್ತಡ, ಆಮೇಲೆ ಕರೆಂಟ್. ಎಲಿಹು ಥಾಮ್ಸನ್ ಎಂಬ ಅಮೆರಿಕದ ಎಂಜಿನಿಯರ್ ಇದಕ್ಕೆ ಪೇಟೆಂಟ್ ಪಡೆದದ್ದು 1886ರಲ್ಲಿ. ಮೂಲ ಐಡಿಯಾ ಇವತ್ತಿಗೂ ಬದಲಾಗಿಲ್ಲ. ಕರೆಂಟಿನ ವರ್ಗ, ರೆಸಿಸ್ಟೆನ್ಸ್, ಸಮಯ, ಈ ಮೂರನ್ನೂ ಗುಣಿಸಿದರೆ ಶಾಖ. 1 ಮಿಲಿಮೀಟರ್‌ನ ಎರಡು ಮೈಲ್ಡ್ ಸ್ಟೀಲ್ ತಗಡಿಗೆ 8ರಿಂದ 10 ಕಿಲೋ ಆಂಪಿಯರ್, ಸುಮಾರು 0.2 ಸೆಕೆಂಡ್ ಬೇಕು. ತಗಡುಗಳ ರೆಸಿಸ್ಟೆನ್ಸ್ ಹೆಚ್ಚುಕಡಿಮೆ 100 ಮೈಕ್ರೋ ಓಮ್ ಅಂತ ಇಟ್ಟುಕೊಳ್ಳಿ. 10 ಕಿಲೋ ಆಂಪಿಯರ್ ಹರಿದರೆ ತಗಡಿನ ಮೇಲೆ ಬೀಳುವ ವೋಲ್ಟೇಜ್ ಬರೀ 1 ವೋಲ್ಟ್! ಅಷ್ಟಕ್ಕೇ 10 ಕಿಲೋವ್ಯಾಟ್ ಶಾಖ. ಎರಡು ತಗಡಿನ ನಡುವೆ ಕರಗಿ ಅವನ್ನು ಬೆಸೆಯುವ ಲೋಹದ ಬೊಟ್ಟು, ನಗೆಟ್ ಅಂತೀವಲ್ಲ, ಅದು ಕಾಲು ಗ್ರಾಂ ಕೂಡ ತೂಗುವುದಿಲ್ಲ. ಹುಟ್ಟಿದ ಶಾಖದಲ್ಲಿ ದೊಡ್ಡ ಪಾಲು ಟಿಪ್‌ಗೂ ಸುತ್ತಲಿನ ತಗಡಿಗೂ ಸೋರಿ ಹೋಗುತ್ತದೆ.

ತಗಡಿಗೆ ಬೇಕಾದದ್ದು 1 ವೋಲ್ಟ್ ಅಂದಮೇಲೆ ಮೆಷಿನ್ ಯಾಕೆ 5, 6, ಇನ್ನೂ ದೊಡ್ಡದಾದರೆ 10 ವೋಲ್ಟ್ ಕೊಡುತ್ತದೆ? ಉಳಿದದ್ದನ್ನು ದಾರಿಯಲ್ಲೇ ತಿನ್ನುವವರು ಇದ್ದಾರೆ. ತೋಳುಗಳ ತಾಮ್ರ, ಜಾಯಿಂಟುಗಳು, ಫ್ಲೆಕ್ಸಿಬಲ್ ಲೀಡ್. ಇವೆಲ್ಲಕ್ಕಿಂತ ದೊಡ್ಡ ಕಳ್ಳ ಕಣ್ಣಿಗೆ ಕಾಣುವುದೇ ಇಲ್ಲ. ಎರಡು ತೋಳುಗಳ ನಡುವಿನ ಖಾಲಿ ಜಾಗ, ಥ್ರೋಟ್ ಅಂತೀವಲ್ಲ, ಅದೇ. 50 ಹರ್ಟ್ಜ್ ಎಸಿ ಹರಿಯುವಾಗ ಆ ಖಾಲಿ ಜಾಗವೇ ಒಂದು ಕಾಯಿಲ್‌ನ ಹಾಗೆ ಕರೆಂಟನ್ನು ತಡೆಯುತ್ತದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಪೆಟ್ಟು ತಿಂದು. ಕೆಲಸಕ್ಕೆ ಸೇರಿದ ಹೊಸತು. ಒಂದು ಶಾಪ್‌ನಲ್ಲಿ ಎಲೆಕ್ಟ್ರಿಕಲ್ ಪ್ಯಾನೆಲ್‌ನ ಬಾಗಿಲು ಮಾಡುತ್ತಿದ್ದರು. ಅಂಚಿನ ಸ್ಪಾಟ್‌ಗಳು ಗಟ್ಟಿ, ನಡುಮಧ್ಯದವು ಉಳಿ ಇಟ್ಟು ಎತ್ತಿದರೆ ಪಟ್ ಅಂತ ಬಿಟ್ಟುಕೊಳ್ಳುತ್ತಿದ್ದವು. ನಾನು ಎರಡು ದಿನ ಟಿಪ್ ಉಜ್ಜಿದೆ, ಸಿಲಿಂಡರ್ ಬಿಚ್ಚಿದೆ, ತಗಡಿನ ಎಣ್ಣೆ ಒರೆಸಿಸಿದೆ. ಮೂರನೇ ದಿನ ಅಲ್ಲಿನ ಒಬ್ಬ ಹಳೇ ಆಪರೇಟರ್, 'ಒಳಗೆ ತಳ್ಳಿದಷ್ಟೂ ಮೆಷಿನ್ ಸುಸ್ತಾಗುತ್ತೆ ಸಾರ್, ಅದಕ್ಕೇ ನಾನು ನಡುವಿನ ಸ್ಪಾಟ್‌ಗೆ ಹೀಟ್ ಜಾಸ್ತಿ ಇಟ್ಟುಕೊಳ್ತಿದ್ದೆ' ಅಂದ. ಸರಿಯಾಗಿಯೇ ಹೇಳಿದ್ದ. ಕಬ್ಬಿಣದ ತಗಡು ಥ್ರೋಟ್ ಒಳಗೆ ಹೋದಷ್ಟೂ ರಿಯಾಕ್ಟೆನ್ಸ್, ಅಂದರೆ ಆಗ ಹೇಳಿದ ಕಾಯಿಲ್‌ನ ತಡೆ, ಏರುತ್ತದೆ, ಕರೆಂಟ್ ಇಳಿಯುತ್ತದೆ. ಎರಡು ದಿನದ ಟಿಪ್ ಉಜ್ಜುವಿಕೆ ದಂಡ.

ಈಗ ಬೋರ್ಡ್ ಮೇಲಿನ ಲೆಕ್ಕಕ್ಕೆ ಬರೋಣ. ಅಂಕಿಗಳನ್ನು ಸುಲಭಕ್ಕೆ ದುಂಡಗೆ ಹಿಡಿದಿದ್ದೇನೆ. ಸೆಕೆಂಡರಿ ಲೂಪ್, ಅಂದರೆ ಟ್ರಾನ್ಸ್‌ಫಾರ್ಮರ್‌ನಿಂದ ತೋಳು, ಟಿಪ್, ತಗಡು ಸುತ್ತಿ ವಾಪಸ್ ಬರುವ ದಾರಿ, ಅದರ ಒಟ್ಟು ರೆಸಿಸ್ಟೆನ್ಸ್ ತಗಡೂ ಸೇರಿ 0.3 ಮಿಲಿ ಓಮ್, ಥ್ರೋಟ್‌ನ ಕಾಯಿಲ್ ಗುಣ, ಅಂದರೆ ಇಂಡಕ್ಟೆನ್ಸ್, 1 ಮೈಕ್ರೋ ಹೆನ್ರಿ. 50 ಹರ್ಟ್ಜ್‌ನಲ್ಲಿ ಆ ಇಂಡಕ್ಟೆನ್ಸ್ 0.31 ಮಿಲಿ ಓಮ್ ಆಗುತ್ತದೆ. ಎರಡೂ ಸೇರಿದರೆ 0.43, ಯಾಕೆಂದರೆ ಇವನ್ನು ಸುಮ್ನೆ ಕೂಡುವ ಹಾಗಿಲ್ಲ, ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆಯಬೇಕು. 10 ಕಿಲೋ ಆಂಪಿಯರ್‌ಗೆ 4.3 ವೋಲ್ಟ್, ವೋಲ್ಟನ್ನೂ ಕಿಲೋ ಆಂಪಿಯರನ್ನೂ ಗುಣಿಸಿದರೆ 43 ಕೆವಿಎ. ಇದು ಸಿಂಗಲ್ ಫೇಸ್ ಮೆಷಿನ್. ಮೂರು ಫೇಸ್‌ನಲ್ಲಿ ಎರಡರ ನಡುವೆ ಮಾತ್ರ ಕೂತು 415 ವೋಲ್ಟ್‌ನಲ್ಲಿ ನೂರೈದು ಆಂಪಿಯರ್ ಎಳೆಯುತ್ತದೆ. ಮೂರನೇ ಫೇಸ್ ಆರಾಮಾಗಿ ನೋಡುತ್ತಾ ನಿಂತಿರುತ್ತದೆ.

ಥ್ರೋಟ್ ದೊಡ್ಡದು ಮಾಡಿ, ಇಂಡಕ್ಟೆನ್ಸ್ 2 ಮೈಕ್ರೋ ಹೆನ್ರಿ ಆಗಲಿ, ಮಿಕ್ಕಿದ್ದು ಹಾಗೇ ಇರಲಿ. ಈಗ ಅದೇ 10 ಕಿಲೋ ಆಂಪಿಯರ್‌ಗೆ 7 ವೋಲ್ಟ್, 70 ಕೆವಿಎ, ಲೈನ್‌ನಲ್ಲಿ 168 ಆಂಪಿಯರ್. ಪವರ್ ಫ್ಯಾಕ್ಟರ್, ಅಂದರೆ ಆ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು, 0.43. ತಗಡಿಗೆ ಸಿಕ್ಕ ಶಾಖ ಮಾತ್ರ ಮೊದಲಿನಷ್ಟೇ.

ಅದೇ ಜಾಗಕ್ಕೆ ಎಂಎಫ್‌ಡಿಸಿ ತನ್ನಿ. ತಗಡಿನಲ್ಲಿ ಹರಿಯುವುದು ಡಿಸಿ, ಒಮ್ಮೆ ಕರೆಂಟ್ ಏರಿ ನಿಂತಮೇಲೆ ಇಂಡಕ್ಟೆನ್ಸ್‌ಗೆ ಕೆಲಸವಿಲ್ಲ. ಬೇಕಾದದ್ದು 3 ವೋಲ್ಟ್. ಅದರ ಜೊತೆ ಎಸಿಯನ್ನು ಡಿಸಿ ಮಾಡುವ ಡಯೋಡ್‌ನಲ್ಲಿ ಬೀಳುವ ಸುಮಾರು 1 ವೋಲ್ಟ್ ಸೇರಿಸಿ 4 ವೋಲ್ಟ್, 40 ಕಿಲೋವ್ಯಾಟ್. ಪವರ್ ಫ್ಯಾಕ್ಟರ್ 0.9ರ ಮೇಲೆ, ಮೂರೂ ಫೇಸ್ ಹೆಗಲು ಕೊಡುತ್ತವೆ, ಒಂದೊಂದರಲ್ಲಿ ಸುಮಾರು 60 ಆಂಪಿಯರ್. ಥ್ರೋಟ್ ಚಿಕ್ಕದಿರಲಿ ದೊಡ್ಡದಿರಲಿ ಇಷ್ಟೇ. 168 ಎಲ್ಲಿ, 60 ಎಲ್ಲಿ!

ಇಲ್ಲಿಯವರೆಗೆ ಮಾರುವವರ ಮಾತು ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಇನ್ನೊಂದು ಸಲ ನೋಡಿ. ಎಸಿ ಮೆಷಿನ್ ನಿಜವಾಗಿ ಸುಟ್ಟ ಪವರ್ ಎಷ್ಟು? ಇಂಡಕ್ಟೆನ್ಸ್ ಪವರ್ ತಿನ್ನುವುದಿಲ್ಲ, ಈ ಕಡೆ ತೆಗೆದುಕೊಂಡು ಆ ಕಡೆ ವಾಪಸ್ ಕೊಡುತ್ತದೆ. ರೆಸಿಸ್ಟೆನ್ಸ್ ತಿಂದದ್ದು 30 ಕಿಲೋವ್ಯಾಟ್. ಎಂಎಫ್‌ಡಿಸಿ ತಿಂದದ್ದು 40. ಆ 10 ಕಿಲೋವ್ಯಾಟ್ ಡಯೋಡ್‌ನ ಊಟ. ಯೂನಿಟ್ ಲೆಕ್ಕದಲ್ಲಿ 0.2 ಸೆಕೆಂಡ್‌ನ ಎಸಿ ಸ್ಪಾಟ್‌ಗೆ 6 ಕಿಲೋಜೂಲ್, ಅಂದರೆ ಒಂದು ಯೂನಿಟ್‌ಗೆ 600 ಸ್ಪಾಟ್. ಅದೇ ಸಮಯದ ಎಂಎಫ್‌ಡಿಸಿ ಸ್ಪಾಟ್ ಆದರೆ ಯೂನಿಟ್‌ಗೆ 450. ವೆಲ್ಡ್ ಸಮಯವನ್ನು 0.15 ಸೆಕೆಂಡ್‌ಗೆ ಇಳಿಸಿದರೆ, ಅದು ಸಾಧ್ಯವೂ ಹೌದು, ಎರಡೂ ಸಮ ಆಗುತ್ತವೆ. ದಿನಕ್ಕೆ 6000 ಸ್ಪಾಟ್ ಹಾಕುವ ಶಾಪ್‌ನಲ್ಲಿ ವೆಲ್ಡಿಂಗ್‌ಗೆ ಖರ್ಚಾಗುವುದೇ ಹತ್ತು ಯೂನಿಟ್. ಮೆಷಿನ್‌ನ ನೀರು ತಣ್ಣಗೆ ಮಾಡುವ ನಿಮ್ಮ ಚಿಲ್ಲರ್ ಎಂಟು ಗಂಟೆ ಓಡಿ ಅದಕ್ಕಿಂತ ಜಾಸ್ತಿ ತಿನ್ನುತ್ತದೆ. ಹತ್ತು ಯೂನಿಟ್‌ನಲ್ಲಿ ಅರ್ಧ ಉಳಿಸಿ ಮೆಷಿನ್ ಸಾಲ ತೀರಿಸುತ್ತೇನೆ ಅಂದುಕೊಂಡವರು ಮೊಮ್ಮಕ್ಕಳಿಗೂ ಸ್ವಲ್ಪ ಸಾಲ ಉಳಿಸಿ ಹೋಗುತ್ತೀರಿ.

ಒಬ್ಬರು ಎದ್ದು ನಿಂತು ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ ಒಂದೇ ಅಲ್ಲವಲ್ಲ, ಪವರ್ ಫ್ಯಾಕ್ಟರ್‌ಗೂ ದುಡ್ಡು ಕೀಳುತ್ತಾರೆ, ಎಚ್‌ಟಿ, ಅಂದರೆ ಹೈ ಟೆನ್ಷನ್ ಕನೆಕ್ಷನ್ ಆದರೆ ಕೆವಿಎ ಡಿಮ್ಯಾಂಡ್‌ಗೂ ಚಾರ್ಜ್ ಇದೆ ಅಂದರು. ಸರಿಯಾದ ಮಾತು. ವೆಲ್ಡಿಂಗ್ ಗನ್‌ಗಳು ಹತ್ತಿಪ್ಪತ್ತು ಇದ್ದು ಬಿಡುವಿಲ್ಲದೆ ಬಡಿಯುವ ಕಡೆ ಅದು ದೊಡ್ಡ ಮೊತ್ತವೇ. ಆದರೆ ಡಿಮ್ಯಾಂಡ್ ಮೀಟರ್ ನಿಮಿಷಗಟ್ಟಲೆಯ ಸರಾಸರಿ ನೋಡುತ್ತದೆ, 0.2 ಸೆಕೆಂಡ್‌ನ ಒಂದು ಹೊಡೆತ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಒಂದೇ ಮೆಷಿನ್ ಇರುವ ಶಾಪ್‌ಗೆ ನಿಜವಾಗಿ ಉಳಿಯುವುದು ಬೇರೆ ಕಡೆ. ಕೇಬಲ್ ಸಣ್ಣದು ಸಾಕು. ಸ್ಪಾಟ್ ಹೊಡೆದಾಗಲೆಲ್ಲ ಟ್ಯೂಬ್‌ಲೈಟ್ ಕಣ್ಣು ಮಿಟುಕಿಸುವುದು, ಪಕ್ಕದ ಸಿಎನ್‌ಸಿ ಅಲಾರಂ ಹೊಡೆಯುವುದು ನಿಲ್ಲುತ್ತದೆ. ಕರೆಂಟ್ ಹೋದಾಗ ಡಿಜಿ ಸೆಟ್, ಅಂದರೆ ಡೀಸೆಲ್ ಜನರೇಟರ್ ಮೇಲೆ ಓಡಿಸಬಹುದು. ಎರಡೇ ಫೇಸ್ ಮೇಲೆ 168 ಆಂಪಿಯರ್‌ನ ಗುದ್ದು ಬಿದ್ದರೆ ಸಣ್ಣ ಡಿಜಿ ಹೇಗೆ ಕೂಗುತ್ತದೆ ಅನ್ನುವುದನ್ನು ಪೀಣ್ಯದವರಿಗೆ ನಾನು ಹೇಳಬೇಕಿಲ್ಲ.

ಹಾಗಾದರೆ ಸಾವಿರ ಹರ್ಟ್ಜ್ ಎಲ್ಲಿಂದ ಬಂತು, ತಗಡಿಗೆ ಡಿಸಿಯೇ ಬೇಕಿದ್ದರೆ ಯಾಕೆ ಸುತ್ತು ಬಳಸು ದಾರಿ? ಇದನ್ನು ಕೇಳಿದ್ದು ಹಿಂದಿನ ಸಾಲಿನ ಒಬ್ಬ ಹುಡುಗಿ, ಅವತ್ತಿನ ಒಳ್ಳೆಯ ಪ್ರಶ್ನೆ ಅದೇ.

ದಾರಿ ಹೀಗಿದೆ. ಮೂರು ಫೇಸ್ 415 ವೋಲ್ಟ್ ಬರುತ್ತದೆ, ರೆಕ್ಟಿಫೈ ಮಾಡಿದರೆ ಸುಮಾರು 560 ವೋಲ್ಟ್ ಡಿಸಿ, ಅದು ದೊಡ್ಡ ಕೆಪಾಸಿಟರ್‌ಗಳಲ್ಲಿ ಕೂರುತ್ತದೆ. ಐಜಿಬಿಟಿ ಎಂಬ ನಾಲ್ಕು ಸಿಲಿಕಾನ್ ಸ್ವಿಚ್‌ಗಳು ಅದನ್ನು ಆ ಕಡೆ ಈ ಕಡೆ ತಿರುಗಿಸಿ ಸಾವಿರ ಹರ್ಟ್ಜ್‌ನ ಚೌಕಾಕಾರದ ಎಸಿ ಮಾಡುತ್ತವೆ. ಅದು ಟ್ರಾನ್ಸ್‌ಫಾರ್ಮರ್‌ಗೆ ಹೋಗಿ ಐವತ್ತು, ಅರವತ್ತು ಪಟ್ಟು ಕೆಳಗಿಳಿಯುತ್ತದೆ. ಅಲ್ಲೇ, ಟ್ರಾನ್ಸ್‌ಫಾರ್ಮರ್‌ನ ಮೈಗೇ ಅಂಟಿದ ಎರಡು ದಪ್ಪ ಡಯೋಡ್‌ಗಳು ಮತ್ತೆ ಡಿಸಿ ಮಾಡುತ್ತವೆ.

ಮನೆಯ ಸಂಪಿನಿಂದ ಡ್ರಮ್ಮಿಗೆ ನೀರು ತುಂಬುವುದನ್ನು ನೆನೆಸಿಕೊಳ್ಳಿ. 20 ಲೀಟರ್ ಬಿಂದಿಗೆಯಲ್ಲಿ ನಿಮಿಷಕ್ಕೆ ಐದು ಸಲ ಹೊರಬಹುದು, ಇಲ್ಲ 1 ಲೀಟರ್ ಚೊಂಬಿನಲ್ಲಿ ನೂರು ಸಲ ಸರಸರ ಎತ್ತಿ ಹುಯ್ಯಬಹುದು. ನೀರು ಅಷ್ಟೇ, ಪಾತ್ರೆ ಚಿಕ್ಕದು. ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣದ ಕೋರ್ ಈ ಪಾತ್ರೆ. 50ರಿಂದ 1000 ಹರ್ಟ್ಜ್‌ಗೆ ಹೋದರೆ ಪಾತ್ರೆ ಇಪ್ಪತ್ತನೇ ಒಂದು ಭಾಗ ಸಾಕು. ನಿಜದಲ್ಲಿ ಅಷ್ಟು ಚಿಕ್ಕದಾಗುವುದಿಲ್ಲ, ಯಾಕೆಂದರೆ 10 ಕಿಲೋ ಆಂಪಿಯರ್ ಹೊರುವ ತಾಮ್ರ ಚಿಕ್ಕದಾಗಲ್ಲ, ಕೋರ್ ಬಿಸಿಯೂ ಏರುತ್ತದೆ. ಆದರೂ ರೋಬೋ ಗನ್ ಮೇಲೆ ಕೂರುವ ಟ್ರಾನ್ಸ್‌ಫಾರ್ಮರ್ 20 ಕೆಜಿ ಆಸುಪಾಸಿಗೆ ಬಂದು ನಿಲ್ಲುತ್ತದೆ. ಕಾರು ಕಾರ್ಖಾನೆಗಳು ಇದರ ಹಿಂದೆ ಬಿದ್ದ ಮೊದಲ ಕಾರಣ ಇದೇ, ಕರೆಂಟ್ ಬಿಲ್ ಅಲ್ಲ. ವಿಮಾನದಲ್ಲಿ 400 ಹರ್ಟ್ಜ್ ಸಪ್ಲೈ ಇರುವುದೂ ಇದೇ ಲೆಕ್ಕಕ್ಕೆ. ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದವರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ.

ಸಾವಿರ ಹರ್ಟ್ಜ್ ಎಸಿಯನ್ನೇ ನೇರ ತಗಡಿಗೆ ಕೊಟ್ಟರೆ ಏನಾಗುತ್ತದೆ? ಮೊದಲಿನ 1 ಮೈಕ್ರೋ ಹೆನ್ರಿ ಥ್ರೋಟ್ ಈಗ 6.3 ಮಿಲಿ ಓಮ್ ಆಗುತ್ತದೆ. 10 ಕಿಲೋ ಆಂಪಿಯರ್ ತಳ್ಳಲು 63 ವೋಲ್ಟ್ ಬೇಕು. ಆಗದ ಮಾತು. ಅದಕ್ಕೇ ಡಯೋಡ್ ಬೇಕು, ಅದೂ ತೋಳು ಶುರುವಾಗುವ ಮೊದಲೇ ಬೇಕು.

ಐಜಿಬಿಟಿ ವಿಷಯ ಬಂದದ್ದಕ್ಕೆ ಒಂದು ಮಾತು, ಇದು ನಮ್ಮ ಏರಿಯಾದ ಹೆಮ್ಮೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಐಜಿಬಿಟಿಯನ್ನು ರೂಪಿಸಿದ ಬಿ. ಜಯಂತ್ ಬಾಳಿಗಾ ಹುಡುಗನಾಗಿ ಬೆಳೆದದ್ದು ಇಲ್ಲೇ ಜಾಲಹಳ್ಳಿಯಲ್ಲಿ. ಓದಿದ್ದು ಬಿಷಪ್ ಕಾಟನ್‌ನಲ್ಲಿ. ಅವರ ತಂದೆ ಬಿಇಎಲ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. 2024ರಲ್ಲಿ ಬಾಳಿಗಾ ಅವರಿಗೆ ಫಿನ್ಲೆಂಡ್‌ನ ಮಿಲೇನಿಯಂ ಟೆಕ್ನಾಲಜಿ ಪ್ರಶಸ್ತಿ ಬಂತು. ನಾವು ಕೂತಿದ್ದ ಹಾಲ್‌ನಿಂದ ಜಾಲಹಳ್ಳಿ ಎಷ್ಟು ದೂರ, ನೀವೇ ಹೇಳಿ. ಹುಡುಗರು ಚಪ್ಪಾಳೆ ತಟ್ಟಿದರು, ನನಗಲ್ಲ.

ನನ್ನ ಪ್ರಕಾರ ಎಂಎಫ್‌ಡಿಸಿಗೆ ಕೊಡುವ ದುಡ್ಡು ಹಿಡಿತಕ್ಕೆ. ಹಳೇ ಮೆಷಿನ್‌ನಲ್ಲಿ ಸ್ವಿಚ್‌ನ ಕೆಲಸ ಮಾಡುವ ಥೈರಿಸ್ಟರ್ ಒಮ್ಮೆ ಆನ್ ಆದರೆ ಕರೆಂಟ್ ಸೊನ್ನೆಗೆ ಬರುವ ತನಕ ಅದನ್ನು ನಿಲ್ಲಿಸುವ ಹಾಗಿಲ್ಲ. ಅರ್ಧ ಸೈಕಲ್‌ಗೆ ಒಂದು ಸಲ, 10 ಮಿಲಿಸೆಕೆಂಡ್‌ಗೊಮ್ಮೆ ಮಾತ್ರ ತೀರ್ಮಾನ. ಇನ್ವರ್ಟರ್ ಮಿಲಿಸೆಕೆಂಡ್‌ಗೊಮ್ಮೆ, ಕೆಲವು ಕಡೆ ಅದರರ್ಧಕ್ಕೇ ಕರೆಂಟ್ ಅಳೆದು ತಿದ್ದುತ್ತದೆ. 10 ಮಿಲಿಸೆಕೆಂಡ್ ಅಂದರೆ ಏನು ಮಹಾ ಅನ್ನಬಹುದು. ಪ್ರೊಜೆಕ್ಷನ್ ನಟ್, ಅಂದರೆ ಸಣ್ಣ ಮೂತಿ ಇರುವ ನಟ್ ಅನ್ನು ತಗಡಿಗೆ ಬೆಸೆಯುವವರನ್ನು ಕೇಳಿ. ನಟ್‌ನ ಮೂತಿ ಕರಗಿ ಕುಸಿಯುವುದು ಕೆಲವೇ ಮಿಲಿಸೆಕೆಂಡ್‌ನಲ್ಲಿ.

ಇನ್ನೊಂದು, ಎಸಿ ಕರೆಂಟ್ ಸೆಕೆಂಡ್‌ಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ. ಸರಾಸರಿ ಶಾಖ ಸರಿ ಇರಬೇಕಾದರೆ ಶಿಖರ ಮೇಲೇರಲೇ ಬೇಕು. ಆರ್‌ಎಂಎಸ್, ಅಂದರೆ ಶಾಖದ ಲೆಕ್ಕದ ಸರಾಸರಿ, 10 ಕಿಲೋ ಆಂಪಿಯರ್ ಇದ್ದರೆ ಶಿಖರ 14, ಹೀಟ್ ಹೊಂದಿಸಲು ಅಲೆಯ ಒಂದು ಭಾಗ ಕತ್ತರಿಸಿದರೆ ಇನ್ನೂ ಮೇಲೆ. ಒಗ್ಗರಣೆ ಉರಿ ಜಾಸ್ತಿ ಕಡಿಮೆ ಜಾಸ್ತಿ ಕಡಿಮೆ ಮಾಡುತ್ತಾ ಹೋದರೆ ಸಾಸಿವೆ ಒಮ್ಮೆ ಸಿಡಿದು ಒಮ್ಮೆ ಸುಮ್ಮನಾಗುತ್ತದಲ್ಲ, ಹಾಗೆ. ಕಿಡಿ ಸಿಡಿಯುವುದು ಆ ಶಿಖರದಲ್ಲೇ. ಡಿಸಿಯಲ್ಲಿ ಉರಿ ಸಮ. ಹಾಗಾಗಿ ಸತು ಬಳಿದ ತಗಡು, ಹೈ ಸ್ಟ್ರೆಂತ್ ಸ್ಟೀಲ್, ಮೂರು ಪದರದ ಜೋಡಣೆ, ಇಂಥವಕ್ಕೆ ಎಂಎಫ್‌ಡಿಸಿ ನಿಜಕ್ಕೂ ಬೇರೆ ಲೆವೆಲ್. ಅಲ್ಯೂಮಿನಿಯಂ ಆದರಂತೂ ಕೇಳಲೇಬೇಡಿ, ಬುಟ್ಟಿಗೆ ನೀರು ಹುಯ್ದ ಹಾಗೆ ಶಾಖ ಸೋರುತ್ತದೆ. ಸ್ಟೀಲ್‌ನ ಎರಡು ಮೂರು ಪಟ್ಟು ಕರೆಂಟನ್ನು ಕಡಿಮೆ ಸಮಯದಲ್ಲಿ ಸುರಿಯಬೇಕು.

ಹಳೇ ಮೆಷಿನ್‌ನ ಸೆಟ್ಟಿಂಗ್ ಅನ್ನು ಹಾಗೇ ಹೊಸದಕ್ಕೆ ಹಾಕಬೇಡಿ. ನಾನು ಶೇಕಡಾ ಹತ್ತು ಕಡಿಮೆ ಕರೆಂಟ್‌ನಿಂದ ಶುರು ಮಾಡಿ, ಉಳಿಯಲ್ಲಿ ಬಿಡಿಸಿ ನೋಡುತ್ತಾ ಏರಿಸುತ್ತೇನೆ. ಸಿಲಿಂಡರ್ ಹಳತಾಗಿ ನಿಧಾನವಾಗಿದ್ದರೆ ಎಂಎಫ್‌ಡಿಸಿ ಹಾಕಿದ ಮೇಲೆ ಕಿಡಿ ಜಾಸ್ತಿಯೂ ಆಗಬಹುದು. ಕರೆಂಟ್ ಬೇಗ ಬಂತು, ಟಿಪ್ ಹಿಂದೆಯೇ ಒತ್ತಿಕೊಂಡು ಬರಲಿಲ್ಲ ಅಂದರೆ ಕರಗಿದ ಲೋಹ ಹೊರಗೆ ಚಿಮ್ಮದೆ ಏನು ಮಾಡೀತು? ಟಿಪ್ ಕೂಡ ಅಷ್ಟೇ. 6 ಮಿಲಿಮೀಟರ್ ಮುಖ ಸವೆದು 7 ಆದರೆ ಬರೀ ಒಂದು ಮಿಲಿಮೀಟರ್ ಅನ್ನಿಸುತ್ತದೆ, ಆದರೆ ವಿಸ್ತೀರ್ಣ ಶೇಕಡಾ 36 ಏರಿರುತ್ತದೆ. ಸಾದಾ ಇನ್ವರ್ಟರ್‌ಗೆ ಅದು ತಾನಾಗಿ ಗೊತ್ತಾಗುವುದಿಲ್ಲ. ಡಿಸಿ ಆದ್ದರಿಂದ ಅಲ್ಯೂಮಿನಿಯಂ ಕೆಲಸದಲ್ಲಿ ಪಾಸಿಟಿವ್ ಕಡೆಯ ಟಿಪ್ ಬೇಗ ಸವೆಯುತ್ತದೆ, ಎರಡು ಲೋಹ ಕೂಡುವಲ್ಲಿ ಡಿಸಿ ಹರಿದರೆ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು, ಪೆಲ್ಟಿಯರ್ ಪರಿಣಾಮ ಅಂತ ಶಾಲೆಯಲ್ಲಿ ಓದಿ ಮರೆತದ್ದು ಇಲ್ಲಿ ಬಂದು ಕೂರುತ್ತದೆ. ಎರಡೂ ಟಿಪ್ ಒಂದೇ ದಿನ ಬದಲಾಯಿಸುವ ಅಭ್ಯಾಸ ಬಿಡಿ.

ಈಗ ನೀರು. ಇದಕ್ಕೆ ನಾನು ಜಾಸ್ತಿ ಹೊತ್ತು ತೆಗೆದುಕೊಂಡೆ, ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಯಾಕೆಂದರೆ ಎಲ್ಲರ ಮನೆಯ ಗೀಸರ್‌ನಲ್ಲೂ ಇದೇ ಕಥೆ. ಒಂದು ಶಾಪ್‌ನಲ್ಲಿ ನಾಲ್ಕು ತಿಂಗಳಲ್ಲಿ ಮೂರು ಸಲ ಡಯೋಡ್ ಹೋಯಿತು. ಮೊದಲ ಸಲ ಡಯೋಡೇ ಸರಿ ಇಲ್ಲ ಅಂದೆವು. ಎರಡನೇ ಸಲ ವೋಲ್ಟೇಜ್ ಮೇಲೆ ಗೂಬೆ ಕೂರಿಸಿದೆವು. ಮೂರನೇ ಸಲ ನಾನು ಟ್ರಾನ್ಸ್‌ಫಾರ್ಮರ್‌ನ ನೀರಿನ ನಿಪ್ಪಲ್ ಬಿಚ್ಚಿ ಬೆರಳು ಹಾಕಿದರೆ, ಒಳಗೆ ಸುಣ್ಣದ ಹಾಗೆ ಬಿಳಿ ಪದರ. ಬೋರ್‌ವೆಲ್ ನೀರನ್ನು ನೇರ ಬಿಟ್ಟಿದ್ದರು. ಹಳೇ ಎಸಿ ಮೆಷಿನ್ ಅದೇ ನೀರಿನಲ್ಲಿ ಹದಿನೈದು ವರ್ಷ ಓಡಿತ್ತು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ತಾಮ್ರದ ಸುರುಳಿ ಬಿಸಿ ತಡೆಯುತ್ತದೆ, ಸಿಲಿಕಾನ್ ತಡೆಯಲ್ಲ. ವೆಲ್ಡ್ ಆಗುವ ಹೊತ್ತಿಗೆ ಡಯೋಡ್‌ಗಳಲ್ಲಿ 10 ಕಿಲೋವ್ಯಾಟ್ ಶಾಖ ಹುಟ್ಟುತ್ತದೆ ಅಂತ ಆಗಲೇ ಲೆಕ್ಕ ಹಾಕಿದೆವಲ್ಲ, ಅದನ್ನು ಹೊತ್ತುಕೊಂಡು ಹೋಗುವುದು ಆ ನೀರೇ. ಮೆದು ನೀರು ತುಂಬಿ ಮುಚ್ಚಿದ ಸರ್ಕ್ಯೂಟ್‌ನಲ್ಲಿ ಸುತ್ತಿಸಿದ ಮೇಲೆ ಆ ಮೆಷಿನ್‌ನಿಂದ ನನಗೆ ಫೋನ್ ಬಂದಿಲ್ಲ.

ಚಿಲ್ಲರ್ ಇಟ್ಟವರು ಇನ್ನೊಂದು ತಪ್ಪು ಮಾಡುತ್ತಾರೆ. ತಣ್ಣಗಿದ್ದಷ್ಟೂ ಒಳ್ಳೆಯದು ಅಂತ 12 ಡಿಗ್ರಿಗೆ ಇಟ್ಟುಬಿಡುತ್ತಾರೆ. ಜುಲೈ ಆಗಸ್ಟ್‌ನ ಬೆಂಗಳೂರು ಗಾಳಿಯಲ್ಲಿ ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುವ ಹಾಗೆ ಐಜಿಬಿಟಿಯ ಕೂಲಿಂಗ್ ಪ್ಲೇಟ್ ಬೆವರುತ್ತದೆ, ಅದರ ಪಕ್ಕದಲ್ಲೇ 560 ವೋಲ್ಟ್. ಮುಂದಿನದು ನೀವೇ ಊಹಿಸಿ. ಇಬ್ಬನಿ ಕಟ್ಟದಷ್ಟು ಬೆಚ್ಚಗೆ ಇಡಿ, ವೆಲ್ಡಿಂಗ್ ಇಲ್ಲದ ಹೊತ್ತಿನಲ್ಲಿ ನೀರು ನಿಲ್ಲಿಸಿ.

ಹಾಗೇ, ಮೇನ್ ಸ್ವಿಚ್ ತೆಗೆದ ತಕ್ಷಣ ಪ್ಯಾನೆಲ್‌ಗೆ ಕೈ ಹಾಕಬೇಡಿ. ಕೆಪಾಸಿಟರ್‌ಗಳಲ್ಲಿ ಆ 560 ವೋಲ್ಟ್ ಇನ್ನೂ ಕೂತಿರುತ್ತದೆ. ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ನಿಮಿಷ ಕಾದು, ಮೀಟರ್ ಇಟ್ಟು ನೋಡಿ, ಆಮೇಲೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಎಸಿ ಇರಲಿ ಡಿಸಿ ಇರಲಿ ಈ ಮೆಷಿನ್‌ಗಳ ಹತ್ತಿರ ಸುಳಿಯಬಾರದು. ಇದನ್ನು ಬಾಗಿಲಲ್ಲೇ ಬರೆದು ಹಾಕಿ.

ಕೊನೆಗೆ ಕಾಮಾಕ್ಷಿಪಾಳ್ಯದಿಂದ ಬಂದಿದ್ದ ಹಿರಿಯರೊಬ್ಬರು ಕೇಳಿದರು: 'ಇಷ್ಟೆಲ್ಲಾ ಹೇಳಿದ್ರಿ, ನಾನು ತಗೋಬೇಕೋ ಬೇಡವೋ ಅಷ್ಟು ಹೇಳಿ.' ನಾನು ಕೆಲಸ ಏನು ಅಂತ ಕೇಳಿದೆ. 0.8 ಮಿಲಿಮೀಟರ್ ಸಾದಾ ಸ್ಟೀಲ್, ಸಣ್ಣ ಬಾಕ್ಸ್‌ಗಳು, ಥ್ರೋಟ್ ಒಂದು ಅಡಿಯೂ ಇಲ್ಲ, ನಿಮಿಷಕ್ಕೆ ನಾಲ್ಕೈದು ಸ್ಪಾಟ್. ಆದರೂ ನಡುನಡುವೆ ಸ್ಪಾಟ್ ಬಿಡುತ್ತಿದೆ, ಅದಕ್ಕೇ ಹೊಸ ಮೆಷಿನ್ ಯೋಚನೆ. ಟಿಪ್ ಹೋಲ್ಡರ್ ಯಾವಾಗ ಬದಲಾಯಿಸಿದ್ದು ಅಂದೆ. ಅವರು ಪಕ್ಕದಲ್ಲಿದ್ದ ಮಗನ ಮುಖ ನೋಡಿದರು, ಮಗ ನನ್ನ ಮುಖ ನೋಡಿದ. ಸೋಮವಾರ ಸೆಕೆಂಡರಿಯ ಎಲ್ಲ ಜಾಯಿಂಟ್ ಬಿಚ್ಚಿ, ತಾಮ್ರ ಹೊಳೆಯುವ ತನಕ ಉಜ್ಜಿ, ಹೊಸ ಹೋಲ್ಡರ್ ಹಾಕಿ ಓಡಿಸಿ ಅಂದೆ, ಅಷ್ಟಕ್ಕೂ ಸ್ಪಾಟ್ ಬಿಟ್ಟರೆ ನಾನೇ ಬಂದು ನೋಡುತ್ತೇನೆ, ಅಲ್ಲಿಯ ತನಕ ಕೊಟೇಶನ್ ಡ್ರಾಯರ್‌ನಲ್ಲೇ ಇರಲಿ.